ಕ್ರಿಯೇಟಿವ್ ಕಂಪ್ಯೂಟಿಂಗ್ ಡಿಗ್ರಿ ಮಾಡಬೇಕಾ, ಕಂಪ್ಯೂಟರ್ ಸೈನ್ಸ್ ಸಾಕಾ?

ನೀಲಿಶಾಯಿ: ನನ್ನ ತಂಗಿಗೆ ಗಣಿತ ಚೆನ್ನಾಗಿ ಬರುತ್ತದೆ, ಚಿತ್ರ ಬರೆಯುವುದನ್ನೂ ಬಿಟ್ಟಿಲ್ಲ. ಡಿಗ್ರಿಗೆ ಕ್ರಿಯೇಟಿವ್ ಕಂಪ್ಯೂಟಿಂಗ್ ಸೇರುತ್ತೇನೆ ಅನ್ನುತ್ತಿದ್ದಾಳೆ. ಕೋಡ್ ಬರೆದು ಚಿತ್ರ, ಸಂಗೀತ, ಗೇಮ್, ಇನ್‌ಸ್ಟಲೇಶನ್ (ಜನ ಸುತ್ತ ಓಡಾಡಿ ಅನುಭವಿಸುವ ಕಲಾಕೃತಿ) ಮಾಡುವುದನ್ನು ಕಲಿಸುವ ಕೋರ್ಸ್. ಅಪ್ಪ ಮಾತ್ರ "ಕಂಪ್ಯೂಟರ್ ಸೈನ್ಸ್ ತಗೋ, ಕಲೆ ಆಮೇಲೆ ನೋಡ್ಕೋ" ಅಂತಿದ್ದಾರೆ. ನನ್ನದು ಎರಡು ಪ್ರಶ್ನೆ. ಸ್ವಂತವಾಗಿ ಕಲಿತರೆ ಸಿಗದಂಥದ್ದು ಈ ಡಿಗ್ರಿಯಲ್ಲಿ ಏನು ಸಿಗುತ್ತದೆ? ಕೋರ್ಸ್ ಚೆನ್ನಾಗಿದೆಯಾ ಅಂತ ಸೇರುವ ಮೊದಲೇ ತಿಳಿಯುವುದು ಹೇಗೆ?

ಪಾಯಿಂಟರ್: ಅಪ್ಪ ಹೇಳಿದ್ದೇ ಸರಿ. ಕಂಪ್ಯೂಟರ್‌ನಿಂದ ಚಿತ್ರ ಬರೆಸಲು ಶುರು ಮಾಡಿದವರೇ ಗಣಿತದವರು. 1965ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಇಂಥ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟ ಗೆಯೋರ್ಗ್ ನೇಸ್, ಫ್ರೀಡರ್ ನಾಕೆ ಇಬ್ಬರೂ ಗಣಿತ ಓದಿದವರು. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಪ್ರದರ್ಶನ ಮಾಡಿದ ಮೈಕಲ್ ನೋಲ್ ಅಮೆರಿಕದ ದೂರವಾಣಿ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್. ಬುನಾದಿ ಗಟ್ಟಿ ಇದ್ದರೆ ಕಲೆ ತಾನಾಗಿ ಬರುತ್ತದೆ.

ಗೆರೆಬಣ್ಣ: "ಕಲೆ ತಾನಾಗಿ ಬರುತ್ತದೆ" ಅನ್ನುವ ಮಾತು ಓದಿ ಮೈ ಉರಿಯಿತು. ಕಂಪ್ಯೂಟರ್ ಚಿತ್ರಕಲೆಯ ಮೊದಲಿಗರಲ್ಲಿ ಒಬ್ಬರಾದ ವೆರಾ ಮೋಲ್ನಾರ್ ಕಲಾಶಾಲೆಯಲ್ಲಿ ಓದಿದವರು. ಕಂಪ್ಯೂಟರ್ ಕೈಗೆ ಸಿಗುವ ಎಷ್ಟೋ ವರ್ಷ ಮೊದಲೇ ನಿಯಮ ಹಾಕಿಕೊಂಡು, ಹಂತ ಹಂತವಾಗಿ ಕೈಯಲ್ಲೇ ಚಿತ್ರ ಬರೆಯುತ್ತಿದ್ದರು. 1968ರಲ್ಲಿ ಯಂತ್ರ ಸಿಕ್ಕಾಗ ಅದರಿಂದ ಏನು ಮಾಡಿಸಬೇಕು ಅಂತ ಅವರಿಗೆ ಗೊತ್ತಿತ್ತು. ಹೆರಾಲ್ಡ್ ಕೋಹೆನ್ ಅಂತೂ 1966ರ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನಕ್ಕೆ ಬ್ರಿಟನ್ ಕಳಿಸಿದ ಚಿತ್ರಕಾರರಲ್ಲಿ ಒಬ್ಬರು. ಆಮೇಲೆ ತಾವೇ ಪ್ರೋಗ್ರಾಮಿಂಗ್ ಕಲಿತು, ಚಿತ್ರ ಬರೆಯುವ ಆರನ್ ಎಂಬ ಪ್ರೋಗ್ರಾಂ ಕಟ್ಟಿದರು. 2016ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. ಇವರಿಗೆಲ್ಲ ಕಲೆ ತಾನಾಗಿ ಬಂತಾ?

ಪಾಯಿಂಟರ್: "ತಾವೇ ಪ್ರೋಗ್ರಾಮಿಂಗ್ ಕಲಿತು" ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಇದಕ್ಕೆ ಡಿಗ್ರಿ ಯಾಕೆ? ಈ ಕೋರ್ಸ್‌ಗಳಲ್ಲಿ ಮೊದಲ ವರ್ಷ ಕೋಡ್‌ನಲ್ಲಿ ಚಿತ್ರ ಮಾಡಲು ಪ್ರೊಸೆಸಿಂಗ್ ಅಂತ ಒಂದು ಆಟಿಕೆ ಕೈಗೆ ಕೊಟ್ಟು ವೃತ್ತ, ಚೌಕ ಬರೆಸುತ್ತಾರೆ. ಅದನ್ನು ಪ್ರೋಗ್ರಾಮಿಂಗ್ ಅಂತ ಕರೆಯಲು ನಾನು ತಯಾರಿಲ್ಲ.

ಹಳೇಮೇಷ್ಟ್ರು: ಆಟಿಕೆ ಅನ್ನುವ ಮೊದಲು ಒಳಗೇನಿದೆ ನೋಡಿ. 2001ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಕೇಸಿ ರಿಯಾಸ್, ಬೆನ್ ಫ್ರೈ ಅದನ್ನು ಶುರು ಮಾಡಿದರು. ಒಳಗಿರುವುದು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ. ನೀವು ಬರೆದದ್ದು ಮೊದಲು ಜಾವಾ ಆಗಿ, ಆಮೇಲೆ ಕಂಪೈಲ್ ಆಗುತ್ತದೆ. ಲೂಪ್, ಅರೇ, ಕ್ಲಾಸ್ ಎಲ್ಲ ಇದೆ. ಬೇರೆಯದಕ್ಕೂ ಇದಕ್ಕೂ ವ್ಯತ್ಯಾಸ ಏನೆಂದರೆ, ಮೊದಲ ಸಾಲಿಗೇ ಪರದೆ ಮೇಲೆ ಏನಾದರೂ ಕಾಣುತ್ತದೆ. ಸೈನ್, ಕೊಸೈನ್ ಅಂದರೆ ಮುಖ ತಿರುಗಿಸುತ್ತಿದ್ದ ಮಕ್ಕಳು, ಒಂದು ಚುಕ್ಕಿಯನ್ನು ದುಂಡಗೆ ಸುತ್ತಿಸಬೇಕು ಅಂದಾಗ ತಾವೇ ಬಂದು ಕೇಳುವುದನ್ನು ನಾನು ತರಗತಿಯಲ್ಲಿ ನೋಡಿದ್ದೇನೆ. ಜಗತ್ತೆಲ್ಲ ಬಳಸುವ ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್‌ಗೆ ಕೋಡ್ ಬರೆಯುವ ಮೊದಲಿನ ಎಡಿಟರ್ ಕೂಡ ಪ್ರೊಸೆಸಿಂಗ್‌ನಿಂದಲೇ ಬಂದದ್ದು.

ಪಾಯಿಂಟರ್: ಎಡಿಟರ್ ಬರೀ ಹೊರಗಿನ ರೂಪ ಸಾರ್. ಬೋರ್ಡ್ ಮೇಲೆ ಓಡುವುದು ಸಿ++ನಲ್ಲಿ ಬರೆದದ್ದು. ಅದಕ್ಕೂ ಪ್ರೊಸೆಸಿಂಗ್‌ಗೂ ಏನು ಸಂಬಂಧ?

ತಂತಿಗಂಟು: "ಏನು ಸಂಬಂಧ" ಅಂತ ಕೇಳುವ ಮೊದಲು ಚರಿತ್ರೆ ಓದಿ. ಆರ್ಡುಯಿನೋ 2005ರದ್ದು. ಅದಕ್ಕೂ ಮೊದಲು, 2003ರಲ್ಲಿ, ಎರ್ನಾಂಡೋ ಬರ್ರಗಾನ್ ಇಟಲಿಯ ಇವ್ರೆಯಾದಲ್ಲಿ ತಮ್ಮ ಮಾಸ್ಟರ್ಸ್ ಪ್ರಬಂಧಕ್ಕೆಂದು ವೈರಿಂಗ್ ಎಂಬ, ಇಂಥ ಬೋರ್ಡ್‌ಗಳಿಗೆ ಕೋಡ್ ಬರೆಯುವ ಸಾಧನ ಮಾಡಿದರು. ಅದನ್ನು ಕಟ್ಟಿದ್ದೇ ಪ್ರೊಸೆಸಿಂಗ್ ಆಧಾರದ ಮೇಲೆ. ಅವರ ಮಾರ್ಗದರ್ಶಕರಲ್ಲಿ ಕೇಸಿ ರಿಯಾಸ್ ಒಬ್ಬರು. ಆರ್ಡುಯಿನೋ ಬೆಳೆದದ್ದು ಆ ವೈರಿಂಗ್‌ನಿಂದ. ನೀವು ಬೇಡ ಅನ್ನುತ್ತಿರುವ ಇಂಥದ್ದೇ ಓದಿನಲ್ಲಿ ಒಬ್ಬ ವಿದ್ಯಾರ್ಥಿ ಮಾಡಿದ ಕೆಲಸ ಅದು.

ಪಾಯಿಂಟರ್: ಮಾಸ್ಟರ್ಸ್ ಪ್ರಬಂಧ! ಇಲ್ಲಿ ಕೇಳಿರುವುದು ಮೊದಲ ಡಿಗ್ರಿ ಬಗ್ಗೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಐಟಿಪಿ ಎಂಬ ಇಂಥದ್ದೇ ಕೋರ್ಸ್ 1979ರಿಂದ ನಡೆಯುತ್ತಿದೆ, ಅದೂ ಮಾಸ್ಟರ್ಸ್. ಅಂದರೆ ಮೊದಲು ಗಟ್ಟಿ ಓದು, ಆಮೇಲೆ ಇದು. ಬೇಕಾದರೆ ಒಂದು ಪರೀಕ್ಷೆ ಕೊಡುತ್ತೇನೆ. ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಪ್ರಕಟಿಸಿದ, ಹಕ್ಕಿ ಹಿಂಡಿನ ಹಾರಾಟವನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಬಾಯ್ಡ್ಸ್ ತಗೊಳ್ಳಿ. ಪ್ರತಿ ಹಕ್ಕಿಯೂ ಹತ್ತಿರದ ಹಕ್ಕಿಗಳನ್ನು ನೋಡಿಕೊಂಡು ದಿಕ್ಕು ಬದಲಿಸುತ್ತದೆ. ಯಾರು ಹತ್ತಿರ ಇದ್ದಾರೆ ಅಂತ ತಿಳಿಯಲು 5,000 ಹಕ್ಕಿಗಳೂ ಒಂದನ್ನೊಂದು ನೋಡಿದರೆ ಒಂದು ಫ್ರೇಮ್‌ಗೆ 2.5 ಕೋಟಿ ಲೆಕ್ಕ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ 150 ಕೋಟಿ. ಪ್ರೊಸೆಸಿಂಗ್ ಮಕ್ಕಳು ಇಲ್ಲಿ ಬಾಯಿ ಬಾಯಿ ಬಿಡುತ್ತಾರೆ.

ಗೆರೆಬಣ್ಣ: "ಪ್ರೊಸೆಸಿಂಗ್ ಮಕ್ಕಳು"? ಮಾತು ಹಿಡಿತದಲ್ಲಿರಲಿ. ನಾನು ಅದೇ ಕೋರ್ಸ್ ಓದಿ ಬಂದವಳು. ಪರದೆಯನ್ನು ಚೌಕಗಳಾಗಿ ಹಂಚಬೇಕು. ಹಕ್ಕಿ ತನ್ನ ಚೌಕವನ್ನೂ ಸುತ್ತಲಿನ ಎಂಟನ್ನೂ ಮಾತ್ರ ನೋಡಿದರೆ ಸಾಕು, ಲೆಕ್ಕ ಎಷ್ಟೋ ಪಟ್ಟು ಇಳಿಯುತ್ತದೆ. ಅದೂ ಸಾಲದಿದ್ದರೆ ಜಿಪಿಯುಗೆ (ಗ್ರಾಫಿಕ್ಸ್ ಚಿಪ್‌ಗೆ) ವಹಿಸಿ, ಜಿಎಲ್‌ಎಸ್‌ಎಲ್ ಭಾಷೆಯಲ್ಲಿ ಶೇಡರ್, ಅಂದರೆ ಆ ಚಿಪ್ ಮೇಲೆ ಓಡುವ ಪ್ರೋಗ್ರಾಂ, ಬರೆಯಬೇಕು. ನಮಗೆ ಇದು ಎರಡನೇ ವರ್ಷದ ಅಸೈನ್‌ಮೆಂಟ್ ಆಗಿತ್ತು.

ಪಾಯಿಂಟರ್: ಎರಡನೇ ವರ್ಷ. ನಾವು ಇದನ್ನು ಮೊದಲ ವರ್ಷವೇ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಮುಗಿಸಿದ್ದೆವು.

ಗೆರೆಬಣ್ಣ: ಮುಗಿಸಿ? ಒಂದಾದರೂ ಹಕ್ಕಿ ಹಾರಿಸಿದಿರಾ? ಉತ್ತರಪತ್ರಿಕೆಯಲ್ಲಿ ಬರೆದು ಅಲ್ಲೇ ಬಿಟ್ಟಿರಿ. ನಾವು ಪರದೆ ಮುಂದೆ ಕೂತು, ಹಿಂಡು ಜೀವ ಇರುವ ಹಾಗೆ ಕಾಣುವವರೆಗೂ ಒಂದೊಂದೇ ಸಂಖ್ಯೆ ತಿದ್ದಿದ್ದೇವೆ.

ಪಾಯಿಂಟರ್: ವೈಯಕ್ತಿಕವಾಗಿ ಮಾತಾಡಬೇಡಿ.

ತಂತಿಗಂಟು: ವೈಯಕ್ತಿಕ? "ಮಕ್ಕಳು" ಅಂತ ಶುರು ಮಾಡಿದ್ದು ಯಾರು ಸಾರ್? ವೈರಿಂಗ್ ವಿಷಯಕ್ಕೆ ಉತ್ತರ ಕೊಡದೆ ಹಕ್ಕಿ ಕಡೆಗೆ ಓಡಿದಿರಿ.

ಸದ್ದುಗದ್ದಲ: ಎಲ್ಲರಿಗೂ ಪರದೆಯದೇ ಚಿಂತೆ. ಈ ಓದಿನಲ್ಲಿ ಅರ್ಧ ಸದ್ದು ಇದೆ. ಮಿಲ್ಲರ್ ಪಕೆಟ್ ಪ್ಯಾರಿಸ್‌ನ ಸಂಗೀತ ಸಂಶೋಧನಾ ಕೇಂದ್ರ ಇರ್ಕಾಮ್‌ನಲ್ಲಿ ಮ್ಯಾಕ್ಸ್ ಎಂಬ ಸಂಗೀತದ ಪ್ರೋಗ್ರಾಮಿಂಗ್ ಸಾಧನ ಕಟ್ಟಿದರು, ಆಮೇಲೆ ಅದೇ ಬಗೆಯ ಪ್ಯೂರ್ ಡೇಟಾ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಫೂರಿಯೆ ಲೆಕ್ಕ (ಸದ್ದನ್ನು ಅದರ ಕಂಪನಗಳಾಗಿ ಒಡೆಯುವ ಗಣಿತ) ಅರ್ಥವಾಗದೆ ಸದ್ದನ್ನು ಬಿಡಿಸಿ ನೋಡಲು ಆಗುವುದಿಲ್ಲ. ಅದನ್ನು ಕಿವಿಯಲ್ಲಿ ಕೇಳುತ್ತಾ ಕಲಿತವರು ಸುಲಭಕ್ಕೆ ಮರೆಯುವುದಿಲ್ಲ.

ನಾಳೆನೋಡೋಣ: ನೀವೆಲ್ಲ ಹಳೇ ಜಗಳ ಆಡುತ್ತಿದ್ದೀರಿ. ಈಗ ಎರಡು ಸಾಲಿನಲ್ಲಿ ಕೇಳಿದರೆ ಎಐ ಚಿತ್ರ ಕೊಡುತ್ತದೆ, ಶೇಡರ್ ಕೋಡ್ ಕೂಡ ಕೊಡುತ್ತದೆ. ಸುಮ್ನೆ ಅಷ್ಟು ವರ್ಷ ಯಾಕೆ ಕಳೆಯಬೇಕು?

ಹಳೇಮೇಷ್ಟ್ರು: "ಕೊಡುತ್ತದೆ" ಅಂದರೆ ಮುಗಿಯಿತಾ? ಈ ಮಾತು 1960ರ ದಶಕದಲ್ಲೇ ಎದ್ದಿತ್ತು. ಮೈಕಲ್ ನೋಲ್ 100 ಜನರಿಗೆ ಚಿತ್ರಕಾರ ಮೊಂಡ್ರಿಯಾನ್ ಅವರ ಒಂದು ಚಿತ್ರದ ಪ್ರತಿಯನ್ನೂ ಅದೇ ಬಗೆಯ ಕಂಪ್ಯೂಟರ್ ಚಿತ್ರವನ್ನೂ ತೋರಿಸಿದರು. 59 ಜನ ಕಂಪ್ಯೂಟರ್ ಚಿತ್ರವನ್ನೇ ಮೆಚ್ಚಿದರು. ಯಾವುದು ಯಂತ್ರದ್ದು ಅಂತ ಸರಿಯಾಗಿ ಹೇಳಿದವರು 28 ಮಾತ್ರ. ಅದಾದ ಮೇಲೂ ಜನ ಕೋಡ್‌ನಲ್ಲಿ ಚಿತ್ರ ಮಾಡುವುದನ್ನು ಬಿಡಲಿಲ್ಲ. ಯಾವ ಗೆರೆ ಉಳಿಯಬೇಕು, ಯಾವುದು ಹೋಗಬೇಕು ಅಂತ ತೀರ್ಮಾನಿಸುವ ಕೆಲಸ ಹಾಗೇ ಉಳಿದಿತ್ತು.

ನಾಳೆನೋಡೋಣ: 100ರಲ್ಲಿ 59 ಜನ ಯಂತ್ರವನ್ನೇ ಮೆಚ್ಚಿದರು. ನನ್ನ ಮಾತಿಗೆ ನೀವೇ ಸಾಕ್ಷಿ ಕೊಟ್ಟಿರಿ.

ಪಾಯಿಂಟರ್: ಆ 100 ಜನ ಬೆಲ್ ಲ್ಯಾಬ್ಸ್‌ನಲ್ಲೇ ಕೆಲಸ ಮಾಡುತ್ತಿದ್ದವರು. ಅದನ್ನೂ ಸೇರಿಸಿ ಹೇಳಿ ಮೇಷ್ಟ್ರೇ.

ನೀಲಿಶಾಯಿ: ದಯವಿಟ್ಟು, ನಾನು ಕೇಳಿದ್ದು ಎರಡೇ ಪ್ರಶ್ನೆ. ತಂಗಿ ಪಕ್ಕದಲ್ಲೇ ಕೂತು ಇದೆಲ್ಲ ಓದುತ್ತಿದ್ದಾಳೆ. ಅರ್ಜಿ ಹಾಕಲು ಜಾಸ್ತಿ ದಿನ ಉಳಿದಿಲ್ಲ.

ಗೆರೆಬಣ್ಣ: ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಮನೆಯಲ್ಲಿ ವಿಡಿಯೋ ನೋಡಿ ಕೋಡ್ ಕಲಿಯಬಹುದು. ಆದರೆ ಮಾಡಿದ್ದನ್ನು ಗೋಡೆಗೆ ಹಾಕಿ, ಎದುರಿಗೆ ಕೂತ ಹತ್ತಾರು ಜನ "ಇದು ಯಾಕೆ ಹೀಗಿದೆ" ಅಂತ ಕೇಳುವ ಕ್ರಿಟ್ ಸಿಗುವುದಿಲ್ಲ. ಸೆನ್ಸರ್, ಪ್ರೊಜೆಕ್ಟರ್, ಮೈಯ ಚಲನೆಯನ್ನು ದಾಖಲಿಸುವ ಮೋಶನ್ ಕ್ಯಾಪ್ಚರ್ ಕೋಣೆ ಸಿಗುವುದಿಲ್ಲ. ಕೊನೆಯ ವರ್ಷದ ಪ್ರದರ್ಶನದಲ್ಲಿ ಗೊತ್ತಿಲ್ಲದವರು ಬಂದು ನಿಮ್ಮ ಕೆಲಸವನ್ನು ಮುಟ್ಟುತ್ತಾರೆ. ನೀವು ಅಂದುಕೊಂಡ ಹಾಗೆ ಯಾರೂ ಮುಟ್ಟುವುದಿಲ್ಲ. ಅದು ದಿನವಿಡೀ ಕೆಟ್ಟು ನಿಲ್ಲದೆ ಓಡಬೇಕು. ನಾನು ಗಟ್ಟಿಯಾದ ಕೋಡ್ ಬರೆಯಲು ಕಲಿತದ್ದು ಅಲ್ಲಿ, ಯಾವ ಪರೀಕ್ಷೆಗೂ ಅಲ್ಲ.

ಹಳೇಮೇಷ್ಟ್ರು: ಎರಡನೆಯದು. ಕಳೆದ ವರ್ಷಗಳ ಕೊನೆಯ ಪ್ರಾಜೆಕ್ಟ್‌ಗಳನ್ನು ನೋಡಲಿ. ಎಲ್ಲವೂ ಒಂದೇ ತರಹ ಕಂಡರೆ ಟೆಂಪ್ಲೇಟ್ ಕೊಟ್ಟು ಮಾಡಿಸಿದ್ದಾರೆ ಎಂದೇ ಅರ್ಥ. ಸಿಲಬಸ್‌ನಲ್ಲಿ ವೆಕ್ಟರ್, ಮ್ಯಾಟ್ರಿಕ್ಸ್ ಇದೆಯಾ? ಶೇಡರ್ ಇದೆಯಾ? ಬರೀ ಸಾಫ್ಟ್‌ವೇರ್ ಹೆಸರುಗಳ ಪಟ್ಟಿ ಇದ್ದರೆ ಬೇಡ. ಆ ಸಾಫ್ಟ್‌ವೇರ್‌ಗಳು ಬದಲಾಗುತ್ತವೆ. ಕೊಡುವುದು ಬಿಎಯೋ ಬಿಎಸ್‌ಸಿಯೋ ಕೇಳಲಿ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್‌ನಲ್ಲಿ ಇದನ್ನು ಬಿಎಸ್‌ಸಿಯಾಗಿ ಕಲಿಸಿದ್ದಾರೆ. ಮುಂದೆ ಯಾವ ಮಾಸ್ಟರ್ಸ್‌ಗೆ ಅರ್ಹತೆ ಸಿಗುತ್ತದೆ ಅನ್ನುವುದು ಕೆಲವು ಕಡೆ ಇದರ ಮೇಲೆ ನಿಂತಿರುತ್ತದೆ. ಇನ್ನೊಂದು ಮುಖ್ಯ ವಿಷಯ: ಆಪರೇಟಿಂಗ್ ಸಿಸ್ಟಮ್ಸ್, ಆಲ್ಗರಿದಮ್ಸ್ ತರಗತಿಗಳನ್ನು ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಕೂತು ಓದಲು ಬಿಡುತ್ತಾರಾ ಅಂತ ಕೇಳಲೇಬೇಕು.

ಪಾಯಿಂಟರ್: "ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಕೂತು ಓದಲು". ನಾನು ಮೊದಲಿನಿಂದ ಹೇಳುತ್ತಿರುವುದೂ ಇದನ್ನೇ.

ಗೆರೆಬಣ್ಣ: ನೀವು ಹೇಳಿದ್ದು "ಕಲೆ ತಾನಾಗಿ ಬರುತ್ತದೆ" ಅಂತ. ಮೇಲೆ ಹಾಗೇ ಇದೆ, ಓದಿಕೊಳ್ಳಿ.

ತಂತಿಗಂಟು: ವೈರಿಂಗ್‌ಗೆ ಇನ್ನೂ ಉತ್ತರ ಬಂದಿಲ್ಲ.