‘ಪರಿಷ್ಕರಣೆ’ ಏರಿಕೆಯೋ ಕಡಿತವೋ? ಜೊತೆಗೆ ‘ಸುತ್ತುವಳಿ’ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಗ್ರಾಮ ಪಂಚಾಯಿತಿಯಿಂದ ಬಸ್ ಡಿಪೋಗೆ ಮನವಿ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂದಿದೆ. ಬೇಡಿಕೆ ಸುಲಭ, ತೊಡಕಿರುವುದು ಪದಗಳಲ್ಲಿ.

ರಾತ್ರಿ ನಮ್ಮೂರಿಗೆ ಬಂದು ಉಳಿದು ಬೆಳಿಗ್ಗೆ ಆರಕ್ಕೆ ಹೊರಡುತ್ತಿದ್ದ ಬಸ್ಸು ನಿಂತಿದೆ. ಮಧ್ಯಾಹ್ನದ ಎರಡು ಟ್ರಿಪ್ಪೂ ಇಲ್ಲ. ಯಾಕೆ ಅಂತ ಬರೆದು ಕೇಳಿದ್ದಕ್ಕೆ ಬಂದ ಉತ್ತರದಲ್ಲಿ ‘ಸದರಿ ಮಾರ್ಗದ ಸುತ್ತುವಳಿಗಳನ್ನು ಪರಿಷ್ಕರಿಸಲಾಗಿದೆ’ ಅಂತಿದೆ. ಸುತ್ತುವಳಿ ಅಂದರೆ ಬಸ್ಸಿನ ಟ್ರಿಪ್ಪು. ನಿಲ್ಲಿಸಿದ್ದೇವೆ ಅನ್ನುವ ಮಾತು ಎಲ್ಲೂ ಇಲ್ಲ.

ಪರಿಷ್ಕರಣೆ ಅಂದರೆ ತಿದ್ದಿ ಚೊಕ್ಕ ಮಾಡುವುದು ಅಂದುಕೊಂಡಿದ್ದೆ. ಪುಸ್ತಕದ ಪರಿಷ್ಕೃತ ಮುದ್ರಣ ಅಂತೀವಲ್ಲ, ಹಾಗೆ. ಮತದಾರರ ಪಟ್ಟಿ ಪರಿಷ್ಕರಣೆಯಲ್ಲಿ ಕೆಲವು ಹೆಸರು ಸೇರುತ್ತವೆ, ಕೆಲವು ಬಿಟ್ಟುಹೋಗುತ್ತವೆ, ಅದೂ ಸರಿ. ಆದರೆ ‘ವೇತನ ಪರಿಷ್ಕರಣೆ’ ಅಂದಾಗ ಸಂಬಳ ಇಳಿಯುತ್ತೆ ಅಂತ ಯಾರೂ ಹೆದರುವುದಿಲ್ಲ. ‘ದರ ಪರಿಷ್ಕರಣೆ’ ಅಂದರೆ ಜೇಬಿಗೆ ಕತ್ತರಿ. 2025ರ ಜನವರಿ 5ರಿಂದ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಬಸ್ ದರ ಶೇ 15ರಷ್ಟು ಏರಿತು, ಮುಂದಿನ ತಿಂಗಳು ನಮ್ಮ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು, ಜನ ಗಲಾಟೆ ಮಾಡಿದ ಮೇಲೆ ಕೆಲವು ನಿಲ್ದಾಣಗಳ ನಡುವಿನ ದರವನ್ನು ಸ್ವಲ್ಪ ಇಳಿಸಿದರು. ಕಚೇರಿ ಕನ್ನಡದಲ್ಲಿ ಏರಿಸಿದ್ದೂ ಪರಿಷ್ಕರಣೆ, ಇಳಿಸಿದ್ದೂ ಪರಿಷ್ಕರಣೆ. ಬಸ್ಸಿನೊಳಗೆ ಮಾತ್ರ ‘ರೇಟ್ ಜಾಸ್ತಿ ಮಾಡಿದ್ರು’ ಅಂತ ಚೊಕ್ಕ ಕನ್ನಡ!

ಮನವಿಯಲ್ಲಿ ನಾನು ‘ಕಡಿತ’ ಅಂತ ಬರೆದೆ. ನಮ್ಮ ಪಿಡಿಒ ಅವರಿಗೆ ಅದು ಗಡುಸಾಯಿತು. ‘ರದ್ದು’ ಅಂತ ಹಾಕಿ ಅಂದರು. ಆದರೆ ಗಾಡಿ ಕೆಟ್ಟು ಒಂದು ದಿನ ಬಾರದಿದ್ದರೂ ರದ್ದು ಅಂತಲೇ ಹೇಳುತ್ತಾರೆ, ಅಲ್ವಾ? ಪೂರ್ತಿ ನಿಂತುಹೋಗಿದ್ದಕ್ಕೂ ಅದೇ ಪದ ಸಾಕೇ? ಸುಮ್ನೆ ‘ನಿಲ್ಲಿಸಿದ ಬಸ್ಸು’ ಅಂದರೆ ಅರ್ಜಿಯ ತೂಕ ಕಡಿಮೆಯಾಗುತ್ತೆ ಅಂತ ಅವರ ವಾದ. ನನಗೆ ಹಾಗೆ ಅನ್ನಿಸುವುದಿಲ್ಲ.

ಇನ್ನು ‘ಸುತ್ತುವಳಿ’. ಪದವೇನೋ ನನಗೆ ತುಂಬಾ ಇಷ್ಟ. ನಡವಳಿ, ಹುಟ್ಟುವಳಿಗಳ ಸಾಲಿನದು, ಅಚ್ಚ ಕನ್ನಡದ್ದು. ಯಾರು ಟಂಕಿಸಿದರೋ, ಅವರಿಗೊಂದು ನಮಸ್ಕಾರ. ಆದರೆ ಲೆಕ್ಕ ಹೇಗೆ? ದೇವಸ್ಥಾನದಲ್ಲಿ ಒಂದು ಸುತ್ತು ಅಂದರೆ ಹೊರಟ ಜಾಗಕ್ಕೇ ಬಂದು ಸೇರಬೇಕು, ಅರ್ಧ ಬಂದರೆ ಲೆಕ್ಕಕ್ಕಿಲ್ಲ. ಆ ಪ್ರಕಾರ ಹೋಗಿ ಬಂದರೆ ಒಂದು ಸುತ್ತುವಳಿ. ನಮ್ಮ ಕಂಡಕ್ಟರನ್ನು ಕೇಳಿದರೆ ‘ಹೋಗೋದು ಒಂದು, ಬರೋದು ಒಂದು, ಎರಡಾಯ್ತಲ್ಲ ಸಾರ್’ ಅಂದರು. ನಾನು ಎರಡು ಸುತ್ತುವಳಿ ಬೇಕು ಅಂತ ಬರೆದು, ಅವರು ಬಸ್ಸನ್ನು ಒಂದೇ ಸಲ ಕಳಿಸಿ ಲೆಕ್ಕ ಮುಗಿಸಿದರೆ? ಸಾರಿಗೆ ಇಲಾಖೆಯಲ್ಲಿ ಇದ್ದವರು ಯಾರಾದರೂ ಹೇಳಿ.

ರಾತ್ರಿ ಉಳಿಯುವ ಬಸ್ಸಿಗೆ ನಮ್ಮ ಕಡೆ ‘ನೈಟ್ ಹಾಲ್ಟ್ ಬಸ್’ ಅಂತೀವಿ. ಹುಬ್ಬಳ್ಳಿ ಕಡೆಯ ನೆಂಟರು ‘ವಸ್ತಿ ಬಸ್’ ಅಂತಾರೆ. ವಸ್ತಿ ಅಂತ ಬರೆಯೋಣ ಅಂತ ಆಸೆ, ಆದರೆ ಈ ಕಡೆಯ ಡಿಪೋದವರಿಗೆ ತಿಳಿಯದೇ ಹೋದರೆ ಬಸ್ಸೂ ಇಲ್ಲ, ಪದವೂ ಇಲ್ಲ.

ಕೊನೆಗೆ ದುಡ್ಡಿನ ಮಾತು. ತಾಲ್ಲೂಕು ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಯಲ್ಲಿ ‘ಈ ಮಾರ್ಗದಲ್ಲಿ ಹೆಂಗಸರೇ ಜಾಸ್ತಿ, ಆದಾಯ ಇಲ್ಲ’ ಅಂದರಂತೆ. ಇದು ಹೇಗೆ? 2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಇದೆ. ಕಂಡಕ್ಟರ್ ಹರಿದುಕೊಡುವ ಶೂನ್ಯ ಟಿಕೆಟ್ಟಿನ ಲೆಕ್ಕದಲ್ಲಿ ಸರ್ಕಾರ ನಿಗಮಕ್ಕೆ ಹಣ ಕೊಡಬೇಕು. ಈ ಹಣವನ್ನು ‘ಸಹಾಯಧನ’ ಅನ್ನಬೇಕೋ ‘ಮರುಪಾವತಿ’ ಅನ್ನಬೇಕೋ? ಸಹಾಯಧನ ಅಂದರೆ ಹನಿ ನೀರಾವರಿ ಪೈಪಿಗೆ ಕೊಡುವ ಹಾಗೆ, ಯಾರೋ ಕೈಯೆತ್ತಿ ಕೊಟ್ಟಂತೆ ಕೇಳುತ್ತದೆ. ಮರುಪಾವತಿ ಅಂದ ಕೂಡಲೇ ನಮ್ಮೂರಲ್ಲಿ ಸೊಸೈಟಿ ಸಾಲ ನೆನಪಾಗುತ್ತದೆ. ಸದ್ಯಕ್ಕೆ ‘ಮಹಿಳೆಯರ ಟಿಕೆಟ್ ಹಣವನ್ನು ಸರ್ಕಾರವೇ ಕಟ್ಟುತ್ತದೆ, ಹಾಗಾಗಿ ಅದೂ ಆದಾಯವೇ’ ಅಂತ ಬರೆದಿಟ್ಟಿದ್ದೇನೆ. ಇದಕ್ಕೆ ಒಂದೇ ಪದ ಇದ್ದರೆ ತಿಳಿಸಿ. ಗುರುವಾರ ಪಂಚಾಯಿತಿ ಸಭೆ, ಅಷ್ಟರೊಳಗೆ ಬೇಕು.