ಎರಡಿಂಚಿನ ಅನಂತ

"ಹೇಗಿದೆ?" ಎಂದು ಸೀನ ಕೈ ಮುಂದೆ ಚಾಚಿದ. ಮಣಿಕಟ್ಟಿನ ಮೇಲೆ ಅಡ್ಡ ಬಿದ್ದ ಎಂಟರ ಹಚ್ಚೆ.

"ಎಂಟಕ್ಕೆ ಹುಷಾರಿಲ್ವಾ? ಮಲಗಿಬಿಟ್ಟಿದೆ," ಎಂದ ವೆಂಕಿ.

"ಇನ್ಫಿನಿಟಿ ಕಣೋ! ಕೊನೆಯೇ ಇಲ್ಲದ್ದು."

"ಹಾಕಿಸಲು ಎಷ್ಟು ಹೊತ್ತಾಯಿತು?" ಪದ್ದಕ್ಕ ಕೇಳಿದಳು.

"ಅರ್ಧ ಗಂಟೆ ಅಕ್ಕ."

"ಕೊನೆ ಇಲ್ಲದ್ದು ಅರ್ಧ ಗಂಟೆಗೆ ಮುಗೀತಾ? ಉದ್ದ ಎಷ್ಟು?"

"ಎರಡಿಂಚು."

"ನೋಡಿ ರಾಯರೇ, ಅನಂತವನ್ನು ಅಳೆಯೋಕಾಗಲ್ಲ ಅಂತಿದ್ರಲ್ಲ," ಎಂದು ಪದ್ದಕ್ಕ ರಾಯರತ್ತ ತಿರುಗಿದಳು.

ಪದ್ದಕ್ಕನಿಗೆ ಈ ಚಿಹ್ನೆ ಕಂಡರೆ ಆಗದು. ಲಾಕೆಟ್‌ನಲ್ಲಿ ಅದೇ, ಉಂಗುರದಲ್ಲಿ ಅದೇ, ಪ್ರೊಫೈಲ್ ಹೆಸರಿನ ಪಕ್ಕದಲ್ಲೂ ಅದೇ. 'ಅನ್‌ಲಿಮಿಟೆಡ್' ಅಂತ ದಪ್ಪಗೆ ಬರೆದು ಕೆಳಗೆ ಕಣ್ಣಿಗೆ ಕಾಣದಂತೆ ಲಿಮಿಟ್ ಬರೆಯುತ್ತಾರಲ್ಲ, ಅಂಥ ಜಾಹೀರಾತಿಗೂ ಅದೇ ಬೇಕು.

"ಇಂಗ್ಲೆಂಡಿನ ಜಾನ್ ವಾಲಿಸ್ 1655ರಲ್ಲಿ ಇದನ್ನು ಗಣಿತಕ್ಕೆ ತಂದ. ಲಾಕೆಟ್ ಮಾಡೋರು ಅವನಿಗೆ ರಾಯಲ್ಟಿ ಕೊಟ್ಟಿದ್ದರೆ, ಅವನ ಆಸ್ತಿಯಾದರೂ ನಿಜವಾಗಿ ಅನಂತವಾಗಿರ್ತಿತ್ತು."

"ಇದೆಲ್ಲ ನಮ್ಮವರಿಗೆ ಯಾವತ್ತೋ ಗೊತ್ತಿತ್ತಮ್ಮ," ರಾಯರು ಗಂಟಲು ಸರಿಮಾಡಿಕೊಂಡರು.

"ಗೊತ್ತಿತ್ತು. ಸಂಖ್ಯಾತ, ಅಸಂಖ್ಯಾತ, ಅನಂತ ಅಂತ ಜೈನರು ಬೇರೆ ಬೇರೆ ಇಟ್ಟರು. ಅನಂತದಲ್ಲೂ ಬಗೆಗಳಿವೆ ಅಂದರು. ಲಾಕೆಟ್ ಮಾತ್ರ ಮಾರಲಿಲ್ಲ."

"ಅಳೆಯೋಕಾಗುತ್ತಾ ಇಲ್ವಾ, ಅದು ಹೇಳಕ್ಕ," ವೆಂಕಿ ಅವಸರ ಮಾಡಿದ.

"ಎಣಿಸದೇ ಅಳೆಯಬಹುದು. ಒಂದು ಸಭೆ ಅಂದುಕೊ. ಯಾರೂ ನಿಂತಿಲ್ಲ, ಒಂದು ಕುರ್ಚಿಯೂ ಖಾಲಿಯಿಲ್ಲ. ಜನ ಎಷ್ಟೋ, ಕುರ್ಚಿ ಎಷ್ಟೋ. ಎರಡೂ ಸಮ ಅಂತ ಗೊತ್ತಾಗುತ್ತೆ, ಅಲ್ವಾ? ಗಣಿತಜ್ಞ ಗೇಯೋರ್ಗ್ ಕ್ಯಾಂಟರ್ ಹಿಡಿದದ್ದು ಇದೇ ದಾರಿ. 1, 2, 3 ಇವು ಕುರ್ಚಿಗಳು. ಸಮಸಂಖ್ಯೆಗಳನ್ನು ಮಾತ್ರ ಕೂರಿಸು. 1ನೇ ಕುರ್ಚಿಗೆ 2, 2ನೆಯದಕ್ಕೆ 4, 3ನೆಯದಕ್ಕೆ 6. ಒಂದೂ ಖಾಲಿ ಉಳಿಯಲ್ಲ."

"ಅಂದರೆ ಒಬ್ಬರು ಬಿಟ್ಟು ಒಬ್ಬರು ಎದ್ದು ಹೋದರೂ ಸಭೆ ಫುಲ್! ಭಾಷಣ ಮಾಡೋರಿಗೆ ಇಂಥ ಸಭೆ ಸಿಗಬೇಕು."

"ಬಿಂದುವಿನ ಮುಂದೆ ಅಂಕಿಗಳು ಮುಗಿಯದೇ ಸಾಗುವ ದಶಮಾಂಶ ಸಂಖ್ಯೆಗಳು ಬಂದಾಗ ಮಾತ್ರ ಕುರ್ಚಿ ಸಾಲಲ್ಲ. ನೀನು ಹೇಗೇ ಕೂರಿಸು. ಮೊದಲನೆಯವನ ಮೊದಲ ಅಂಕಿ, ಎರಡನೆಯವನ ಎರಡನೇ ಅಂಕಿ, ಹೀಗೆ ಒಂದೊಂದನ್ನೇ ಬದಲಿಸಿ ಹೊಸ ಸಂಖ್ಯೆ ಕಟ್ಟುತ್ತೀನಿ. ಅದು ಕೂತವರಲ್ಲಿ ಯಾರ ಹಾಗೂ ಇರಲ್ಲ. ಪಾಪ, ನಿಂತೇ ಇರಬೇಕು. ಹಾಗಾಗಿ ಇದು ದೊಡ್ಡ ಅನಂತ. ಕ್ಯಾಂಟರ್‌ನ 1891ರ ವಾದ ಇದು."

ಸೀನ ಕೈ ನೋಡಿಕೊಂಡ. "ನಂದು ದೊಡ್ಡದಾ, ಚಿಕ್ಕದಾ?"

"ದೊಡ್ಡದೇ. ಗೆರೆಯ ಒಂದೊಂದು ಬಿಂದುವಿಗೂ ಒಂದೊಂದು ದಶಮಾಂಶ ಸಂಖ್ಯೆ. ನಿನ್ನ ಎರಡಿಂಚಿನ ಗೆರೆಯಲ್ಲಿ ಎಷ್ಟು ಬಿಂದುಗಳೋ, ಇಡೀ ಆಕಾಶದಲ್ಲೂ ಅಷ್ಟೇ. ಗೆರೆಯಲ್ಲಿರುವಷ್ಟೇ ಬಿಂದು ಚೌಕದಲ್ಲೂ ಇವೆ ಅಂತ ಸಾಧಿಸಿದ ಕ್ಯಾಂಟರ್, 1877ರಲ್ಲಿ ಗೆಳೆಯ ಡೆಡೆಕಿಂಡ್‌ಗೆ 'ಕಾಣ್ತಿದೆ, ಆದರೆ ನಂಬೋಕಾಗ್ತಿಲ್ಲ' ಅಂತ ಬರೆದ."

ಸೀನ ಉಬ್ಬಿಹೋದ. "ಕೇಳಿದ್ಯಾ ವೆಂಕಿ? ನನ್ನ ಕೈಯಲ್ಲಿ ಆಕಾಶ!"

"ಪಕ್ಕದಲ್ಲಿ ಸೊಳ್ಳೆ ಕಚ್ಚಿದೆಯಲ್ಲ, ಅಲ್ಲೂ ಅಷ್ಟೇ ಬಿಂದು," ಎಂದಳು ಪದ್ದಕ್ಕ. "ಅದು ದುಡ್ಡೂ ತಗೊಂಡಿಲ್ಲ."

ನಗು ನಿಂತ ಮೇಲೆ ರಾಯರು ಕೇಳಿದರು. "1, 2, 3ರ ಆ ಚಿಕ್ಕ ಅನಂತಕ್ಕೂ ಈ ದೊಡ್ಡದಕ್ಕೂ ನಡುವೆ ಇನ್ನೊಂದು ಇಲ್ವೇನಮ್ಮ?"

"ಅದೇ ಪ್ರಶ್ನೆ ರಾಯರೇ ಆ ಮನುಷ್ಯನನ್ನು ಕಾಡಿದ್ದು. ಇಲ್ಲ ಅಂತ ಅವನ ನಂಬಿಕೆ. ಸಾಧಿಸಲು ವರ್ಷಗಟ್ಟಲೆ ಒದ್ದಾಡಿದ. ಕ್ರೋನೆಕರ್‌ನಂಥ ಘಟಾನುಘಟಿಗಳು ಅವನ ಕೆಲಸವನ್ನೇ ಒಪ್ಪಲಿಲ್ಲ. ಮನಸ್ಸು ಆಗಾಗ ಕೆಡುತ್ತಿತ್ತು. 1918ರಲ್ಲಿ, ಜರ್ಮನಿಯ ಹಾಲೆಯಲ್ಲಿ, ಮಾನಸಿಕ ಚಿಕಿತ್ಸಾಲಯದಲ್ಲೇ ತೀರಿಕೊಂಡ. ಆಮೇಲೆ ಗಣಿತಜ್ಞರಾದ ಗೋಡೆಲ್ 1940ರಲ್ಲಿ ಅರ್ಧ, ಕೋಹೆನ್ 1963ರಲ್ಲಿ ಇನ್ನರ್ಧ ತೋರಿಸಿದರು. ಗಣಿತದ ಈಗಿನ ಮೂಲ ನಿಯಮಗಳಿಂದ ಅದನ್ನು ಸಾಧಿಸೋಕೂ ಆಗಲ್ಲ, ಸುಳ್ಳು ಅನ್ನೋಕೂ ಆಗಲ್ಲ."

"ಅಯ್ಯೋ. ಹಾಗಾದರೆ ಅಷ್ಟೊಂದು ಒದ್ದಾಡಿದ್ದು?"

"ಬದುಕಿದ್ದಾಗಲೇ ಯಾರಾದರೂ ಇಷ್ಟು ಹೇಳಿದ್ದರೆ, ಒಂದು ರಾತ್ರಿಯಾದರೂ ನೆಮ್ಮದಿಯಾಗಿ ಮಲಗ್ತಿದ್ದನೇನೋ."

ಯಾರೂ ಮಾತಾಡಲಿಲ್ಲ. ವೆಂಕಿಗೆ ಮೌನ ತಡೆಯಲಿಲ್ಲ. "ಹೋಗಲಿ, ಎಲ್ಲಕ್ಕಿಂತ ದೊಡ್ಡ ಅನಂತ ಯಾವುದಕ್ಕ?"

"ಅಂಥದ್ದಿಲ್ಲ. ಯಾವುದನ್ನೇ ತಾ, ಅದಕ್ಕಿಂತ ದೊಡ್ಡದು ಕಟ್ಟಬಹುದು."

ಸೀನ ಆಗಲೇ ಹಚ್ಚೆಯವನಿಗೆ ಫೋನ್ ಹಚ್ಚಿದ್ದ. "ಅಣ್ಣಾ, ಇದಕ್ಕಿಂತ ದೊಡ್ಡದು ಬಂದಿದೆಯಂತೆ. ಮೊಣಕೈವರೆಗೆ ಹಾಕಿದರೆ ಸಾಕಾಗುತ್ತಾ?"