ಹತ್ತು ಲಕ್ಷಕ್ಕೆ ಬಿಎಂಡಬ್ಲ್ಯು: ತೆಗೆದುಕೊಳ್ಳಲಾ, ಬಿಡಲಾ?

ಕೇಳಿದವರು, ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಒಂದು ಬಿಎಂಡಬ್ಲ್ಯು 520ಡಿ ನೋಡಿ ಬಂದಿದ್ದೇನೆ. 2014ರ ಡೀಸೆಲ್ ಗಾಡಿ, ಈಗಿರುವುದು ಮೂರನೇ ಓನರ್ ಹೆಸರಲ್ಲಿ. ಮೀಟರ್ 1,38,000 ಕಿ.ಮೀ. ತೋರಿಸುತ್ತಿದೆ. ಹತ್ತು ಲಕ್ಷ ಹೇಳುತ್ತಿದ್ದಾರೆ, ಒಂಬತ್ತೂವರೆಗೆ ಇಳಿಯಬಹುದು. ನನ್ನ ಹತ್ತಿರ ಈಗಿರುವುದು ಹಳೇ ಸ್ವಿಫ್ಟ್. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿ ಬರುತ್ತೇನೆ, ಉಳಿದದ್ದು ಊರೊಳಗಿನ ಓಡಾಟ. ಇದೇ ದುಡ್ಡಿಗೆ ಹೊಸ ಬಲೆನೊ ಬರುತ್ತದಲ್ಲ ಅಂತ ಮನೆಯಲ್ಲಿ ವಾದ. ಅಮ್ಮ ಅಂತೂ "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಅಂದುಬಿಟ್ಟರು. ಇಂಥ ಗಾಡಿ ಇಟ್ಟುಕೊಂಡವರು ಇದ್ದರೆ ದಯವಿಟ್ಟು ನಿಜ ಹೇಳಿ.

ಬೆಂಗಳೂರಿನಿಂದ, ಐದು ವರ್ಷ ಸಾಕಿದವರು:

ನನ್ನದು ಅದೇ ದರ್ಜೆಯ ಇನ್ನೊಂದು ಜರ್ಮನ್ ಡೀಸೆಲ್ ಗಾಡಿ. ಕೊಂಡಾಗ 1,12,000 ಓಡಿತ್ತು, ಮಾರುವಾಗ 1,90,000. ಎಂಜಿನ್ ಒಂದು ದಿನವೂ ಕೈ ಕೊಡಲಿಲ್ಲ. ಕೈ ಕೊಟ್ಟಿದ್ದೆಲ್ಲ ಅದರ ಸುತ್ತಮುತ್ತ ಇರುವ ರಬ್ಬರ್ ಮತ್ತು ಪ್ಲಾಸ್ಟಿಕ್. ಗಾಡಿ ಓಡಲಿ, ನಿಂತಿರಲಿ, ಹತ್ತು ವರ್ಷಕ್ಕೆ ರಬ್ಬರ್ ಒಣಗುತ್ತದೆ.

ಲೆಕ್ಕ ಬರೆದಿಡುವ ಚಟ ಇರುವುದರಿಂದ ಹೇಳುತ್ತೇನೆ. ಮುಂದಿನ ಚಕ್ರಗಳನ್ನು ಹಿಡಿದಿಡುವ ಕಂಟ್ರೋಲ್ ಆರ್ಮ್, ಅದರ ರಬ್ಬರ್ ಬುಷ್ ಸೇರಿ 64,000. ಥರ್ಮೋಸ್ಟಾಟ್, ಕೂಲಂಟ್ ಪೈಪ್ 22,000. ನಾಲ್ಕು ಟೈರ್ 92,000. ಬ್ಯಾಟರಿ 26,000. ಅದನ್ನೂ ಸುಮ್ನೆ ಕಟ್ಟಿಕೊಂಡು ಬರುವಂತಿರಲಿಲ್ಲ, ಹೊಸ ಬ್ಯಾಟರಿ ಹಾಕಿದ್ದೇವೆ ಅಂತ ಗಾಡಿಯ ಕಂಪ್ಯೂಟರ್‌ಗೆ ತಿಳಿಸಬೇಕಿತ್ತು! ಸರ್ವಿಸ್, ಉಳಿದ ರಿಪೇರಿ ಎಲ್ಲ ಸೇರಿ ಐದು ವರ್ಷಕ್ಕೆ ಆರು ಲಕ್ಷ ಚಿಲ್ಲರೆ. ಡೀಸೆಲ್, ಇನ್ಶುರೆನ್ಸ್ ಬೇರೆ. ಗಾಡಿಯ ಬೆಲೆ ವರ್ಷ ವರ್ಷ ಇಳಿಯುತ್ತದೆ. ಸ್ಪೇರ್‌ಗಳದ್ದು ಇಳಿಯುವುದಿಲ್ಲ. ಐವತ್ತು ಲಕ್ಷದ ಗಾಡಿಯನ್ನು ನೀವು ಹತ್ತಕ್ಕೆ ಕೊಂಡಿರಿ ಅಂತ ಹೆಡ್‌ಲೈಟ್‌ಗೇನು ಗೊತ್ತು?

ಆದರೆ ಬೇಜಾರಿಲ್ಲ. ನೆಲಮಂಗಲ ದಾಟಿ ಹಾಸನದ ರಸ್ತೆಗೆ ಬಿದ್ದರೆ ಆ ಗಾಡಿ ನೆಲಕ್ಕೆ ಅಂಟಿಕೊಂಡು ಹೋಗುತ್ತಿತ್ತು. ಹಿಂದೆ ಕೂತ ಅಪ್ಪ ಸಕಲೇಶಪುರದವರೆಗೆ ನಿದ್ದೆ. ನಿಮಗೆ ನನ್ನ ಸಲಹೆ ಇಷ್ಟೇ: ಹತ್ತು ಲಕ್ಷ ಇದ್ದರೆ ಏಳು ಲಕ್ಷದ ಗಾಡಿ ನೋಡಿ, ಉಳಿದ ಮೂರು ಲಕ್ಷ ಬ್ಯಾಂಕಿನಲ್ಲಿರಲಿ. ಅಷ್ಟೂ ಸುರಿದು ಕೊಂಡರೆ ಮೊದಲ ಬಿಲ್ ಬಂದ ದಿನ ಅಮ್ಮನ ಮಾತು ನೆನಪಾಗುತ್ತದೆ.

ವಿಲ್ಸನ್ ಗಾರ್ಡನ್‌ನಲ್ಲಿ ಗ್ಯಾರೇಜ್ ಇರುವವರು:

2014 ಅಂದಿರಲ್ಲ, ಅಲ್ಲೇ ಒಂದು ಸೂಕ್ಷ್ಮ ಇದೆ. 520ಡಿಗೆ ಆ ವರ್ಷವೇ ಎಂಜಿನ್ ಬದಲಾಯಿತು. 184 ಎಚ್‌ಪಿ ಇದ್ದರೆ ಹಳೇ ಎನ್47, 190 ಇದ್ದರೆ ಹೊಸ ಬಿ47. ಮಾರುವವರು ಹೇಳಿದ್ದನ್ನು ನಂಬಬೇಡಿ, ಚಾಸಿ ನಂಬರ್ ಹಾಕಿ ನೋಡಿಸಿ. ಈ ಎಂಜಿನ್‌ಗಳಲ್ಲಿ ಟೈಮಿಂಗ್ ಚೈನ್, ಅಂದರೆ ಎಂಜಿನ್ ಒಳಗಿನ ಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವ ಸರಪಳಿ, ಇರುವುದು ಹಿಂದುಗಡೆ, ಗೇರ್‌ಬಾಕ್ಸ್ ಪಕ್ಕ. ಎನ್47ರ ಚೈನ್ ಸವೆಯುವುದು ಊರಿಗೆಲ್ಲ ಗೊತ್ತಿರುವ ಕಥೆ, ಅದರಲ್ಲೂ 2011ಕ್ಕಿಂತ ಹಿಂದಿನವು. ಅದಕ್ಕೆ ಕೈ ಹಾಕಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಎಷ್ಟೋ ಸಲ ಎಂಜಿನ್ನೇ ಇಳಿಸುತ್ತೇವೆ. ಚೈನ್‌ಗಿಂತ ಕೂಲಿಯೇ ಜಾಸ್ತಿ.

ಹಾಗಾಗಿ ಬೆಳಗ್ಗೆ ಬೇಗ ಹೋಗಿ, ಎಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ಹಿಂದಿನಿಂದ ಸರಪಳಿ ಎಳೆದ ಹಾಗೆ ಗರಗರ ಸದ್ದು ಬಂದರೆ ಕೈ ಮುಗಿದು ಬನ್ನಿ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ, ಯಾಕೆ ಅಂತ ಕೇಳಿ.

ಗೇರ್‌ಬಾಕ್ಸ್ ಝಡ್‌ಎಫ್ ಕಂಪನಿಯ ಎಂಟು ಗೇರಿನದು, ಒಳ್ಳೇ ಮಾಲು. ಅದರ ಆಯಿಲ್ ಗಾಡಿ ಇರುವವರೆಗೂ ಸಾಕು ಅಂತ ಕಾರ್ ಕಂಪನಿ ಹೇಳುತ್ತದೆ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್‌ನವರು 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಅನ್ನುತ್ತಾರೆ. ನಾನು ಯಾರ ಮಾತು ಕೇಳುತ್ತೇನೆ ಅಂತ ಬೇರೆ ಹೇಳಬೇಕಾ? ಆ ಬಿಲ್ ಇದೆಯಾ ಕೇಳಿ.

ಇನ್ನು ಮೀಟರ್. ಅದನ್ನು ಹಿಂದಕ್ಕೆ ತಿರುಗಿಸುವುದು ಅರ್ಧ ಗಂಟೆ ಕೆಲಸ. ಆದರೆ ಸ್ಟೀರಿಂಗ್‌ನ ಚರ್ಮ, ಬ್ರೇಕ್ ಪೆಡಲ್ ರಬ್ಬರ್, ಡ್ರೈವರ್ ಸೀಟಿನ ಅಂಚು ಇವನ್ನೆಲ್ಲ ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಪ್ರತಿ ಸಲ ಎಷ್ಟು ಕಿ.ಮೀ. ಆಗಿತ್ತು ಎನ್ನುವ ದಾಖಲೆ ಇರುತ್ತದೆ. ಅದನ್ನು ಓನರ್ ಕೈಯಲ್ಲೇ ತರಿಸಿಕೊಳ್ಳಿ. ಹಾಗೆ ನೋಡಿದರೆ ಎರಡು ಲಕ್ಷ ಓಡಿ ಬಿಲ್ ಎಲ್ಲ ಇಟ್ಟುಕೊಂಡ ಗಾಡಿಗೆ ನಾನು ಧೈರ್ಯವಾಗಿ ಹೂಂ ಅನ್ನುತ್ತೇನೆ. ಎಂಬತ್ತು ಸಾವಿರ ಓಡಿದೆ, ಬಿಲ್ ಒಂದೂ ಇಲ್ಲ ಅಂದರೆ ಇಲ್ಲ.

ಮೈಸೂರಿನಿಂದ:

ನಾನು ಹೇಳುವುದು ನೀರಿನ ವಿಷಯ. 2022ರ ಸೆಪ್ಟೆಂಬರ್ ಮಳೆ ನೆನಪಿದೆಯಲ್ವಾ? ಬೆಳ್ಳಂದೂರು, ಯಮಲೂರು ಕಡೆ ದೊಡ್ಡ ದೊಡ್ಡ ಮನೆಗಳ ಮುಂದೆ ದೊಡ್ಡ ದೊಡ್ಡ ಕಾರುಗಳು ಮುಳುಗಿದ್ದವು. ಅದರ ಮರುವರ್ಷ ನಾವು ಒಂದು ಗಾಡಿ ಕೊಂಡೆವು. ಫಳಫಳ ಅನ್ನುತ್ತಿತ್ತು. ಎರಡು ತಿಂಗಳಿಗೆ ಏರ್‌ಬ್ಯಾಗ್ ದೀಪ ಬಂತು, ಆಮೇಲೆ ರಾತ್ರಿ ಹೊತ್ತು ಕಿಟಕಿ ತಾನಾಗಿ ಇಳಿಯತೊಡಗಿತು. ನಮ್ಮ ಅತ್ತೆ ದೃಷ್ಟಿ ತೆಗೆಸಿದರು. ಮೆಕ್ಯಾನಿಕ್ ಕಾರ್ಪೆಟ್ ತೆಗೆಸಿದ. ಅಡಿಯಲ್ಲಿ ಒಣಗಿದ ಕೆಸರು. ವೈರಿಂಗ್ ಹಸಿರುಗಟ್ಟಿತ್ತು. ಕೊನೆಗೆ ಅರ್ಧ ಬೆಲೆಗೆ ಕೊಟ್ಟೆವು, ವಿಷಯ ಹೇಳಿಯೇ ಕೊಟ್ಟೆವು.

ಸೀಟ್ ಬೆಲ್ಟ್‌ಗಳನ್ನು ಕೊನೆಯವರೆಗೂ ಎಳೆದು ನೋಡಿ. ಮೇಲಿನ ಭಾಗ ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡಿರುವ ಭಾಗ ತೊಳೆದಿರುವುದಿಲ್ಲ. ಡಿಕ್ಕಿಯ ತಳದ ಹಾಸು ಎತ್ತಿ ತುಕ್ಕು ಹುಡುಕಿ. ಕಾರ್ ಒಳಗೆ ಸುವಾಸನೆ ಜಾಸ್ತಿ ಇದ್ದರೆ ಅನುಮಾನ ಪಡಿ. ಹಳೇ ಇನ್ಶುರೆನ್ಸ್ ಪಾಲಿಸಿ ಕೇಳಿ, ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದರೆ ಸಿಗುವ ರಿಯಾಯಿತಿ) ಸೊನ್ನೆ ಇದ್ದರೆ ಹಿಂದಿನ ವರ್ಷ ಏನಾಗಿತ್ತು ಅಂತ ವಿಚಾರಿಸಿ. ಚೆನ್ನೈ ಕಡೆಯಿಂದ ಬಂದ ಗಾಡಿಯಾದರೆ 2015 ಮತ್ತು 2023ರ ಡಿಸೆಂಬರ್ ಎರಡನ್ನೂ ನೆನಪಿಡಿ.

ದಾವಣಗೆರೆಯಿಂದ:

ನಂಬರ್ ಕೆಎ ತಾನೇ? ಅದನ್ನು ಹೇಳಲೇ ಇಲ್ಲ ನೀವು. ದಿಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ಅಡ್ಡಿ ಬಂದ ಮೇಲೆ ಇಂಥವು ಅಲ್ಲಿಂದ ಅಗ್ಗಕ್ಕೆ ಬರತೊಡಗಿದವು. ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಹೊಸದಾಗಿ ನೋಂದಣಿ ಮಾಡಿಸುವಾಗ ಲೈಫ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ನಮ್ಮಲ್ಲಿ ಶೇ. 18. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೆ ಲೆಕ್ಕ ಹಾಕುವುದು ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ನನ್ನ ಭಾವ ಇದು ಗೊತ್ತಿಲ್ಲದೆ ತಂದು ಇರಲಾರದೆ ಇರುವೆ ಬಿಟ್ಟುಕೊಂಡರು.

ಮಂಗಳೂರಿನಿಂದ, ಇನ್ಶುರೆನ್ಸ್ ಕೆಲಸದವರು:

ಇಷ್ಟು ಹಳೇ ಗಾಡಿಗೆ ಝೀರೋ ಡೆಪ್, ಅಂದರೆ ಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಪಾಲಿಸಿ, ಸಿಗುವುದು ಕಷ್ಟ. ಅದಿಲ್ಲದಿದ್ದರೆ ಕ್ಲೇಮ್‌ನಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಕಡಿತ. ಹತ್ತು ವರ್ಷ ದಾಟಿದ್ದರೆ ಲೋಹದ ಭಾಗಕ್ಕೂ ಅರ್ಧ. ಅಂದರೆ ಬಂಪರ್ ಹೋದರೆ ಅರ್ಧ ದುಡ್ಡು ನಿಮ್ಮದೇ. 2029ಕ್ಕೆ ಹದಿನೈದು ವರ್ಷ ತುಂಬುತ್ತದೆ, ಆಗ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎನ್ನುವ ಪತ್ರ) ಮಾಡಿಸಿ ಆರ್‌ಸಿ ರಿನ್ಯೂವಲ್ ಮಾಡಿಸಬೇಕು. ಮುಂದೆ ಮಾರುವ ಯೋಚನೆ ಇದ್ದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಶಿವಮೊಗ್ಗದವರೇ, ವಿನೋಬನಗರ:

ನಮ್ಮೂರಲ್ಲೇ ಇಂಥ ಗಾಡಿ ಮೂರು ವರ್ಷ ಇಟ್ಟುಕೊಂಡಿದ್ದೆ, ಆದ್ದರಿಂದ ನನ್ನ ಮಾತು ಸ್ವಲ್ಪ ಕೇಳಿ. ಒಂದು ರಾತ್ರಿ ಬೀರೂರಿನ ಹತ್ತಿರ ಪಂಕ್ಚರ್ ಆಯಿತು. ರನ್‌ಫ್ಲಾಟ್ ಟೈರ್, ಗಾಳಿ ಇಲ್ಲದಿದ್ದರೂ 80ರ ವೇಗದಲ್ಲಿ ಸುಮಾರು 80 ಕಿ.ಮೀ. ಹೋಗಬಹುದು. ಹಾಗಾಗಿ ನನ್ನ ಗಾಡಿಯಲ್ಲಿ ಸ್ಟೆಪ್ನಿ ಇರಲೇ ಇಲ್ಲ. ಹೇಗೋ ಮನೆ ಸೇರಿದೆ. ಆ ಸೈಜಿನ ಟೈರ್ ಊರಲ್ಲಿ ಎಲ್ಲೂ ಇರಲಿಲ್ಲ, ಬೆಂಗಳೂರಿನಿಂದ ಬರಲು ಮೂರು ದಿನ. ಮದುವೆಗೆ ಬಸ್ಸಿನಲ್ಲಿ ಹೋದೆವು, ರೇಷ್ಮೆ ಸೀರೆ ಉಟ್ಟುಕೊಂಡು ಹೆಂಡತಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಇನ್ನೊಂದು ಸಲ ಗೇರ್ ಬೀಳಲಿಲ್ಲ. ಇಂಥ ಆಟೊಮ್ಯಾಟಿಕ್ ಗಾಡಿಯನ್ನು ಎಳೆದುಕೊಂಡು ಹೋಗಬಾರದು, ಲಾರಿ ಮೇಲೆ ಹೇರಿ ಮುನ್ನೂರು ಕಿ.ಮೀ. ಕಳಿಸಿದೆ. ಸ್ಪ್ಯಾನರ್ ಮುಟ್ಟುವ ಮೊದಲೇ ಹದಿನೆಂಟು ಸಾವಿರ. ತಪ್ಪು ಒಂದು ಸೆನ್ಸರ್, ನಾಲ್ಕು ಸಾವಿರದ್ದು. ಬೆಂಗಳೂರಿನಲ್ಲಿದ್ದವರಿಗೆ ಇದು ಅರ್ಧ ದಿನದ ರಗಳೆ, ನಮಗೆ ಎರಡು ವಾರ. ಅವರ ಅನುಭವ ಸುಳ್ಳಲ್ಲ, ಆದರೆ ಅವರು ಇರುವ ಜಾಗ ಬೇರೆ. ಸ್ವಿಫ್ಟ್ ಮಾತ್ರ ಮಾರಬೇಡಿ. ಈ ಮಾತಂತೂ ಗಟ್ಟಿ.

ಕೇಳಿದವರು, ಹತ್ತು ದಿನದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಬೆಳಗ್ಗೆ ಏಳಕ್ಕೆ ಹೋಗಿ ನಿಂತೆ. ಕೆಎ 03 ನಂಬರ್. ಎಂಜಿನ್ ತಣ್ಣಗಿತ್ತು, ಸದ್ದಿಲ್ಲ. ಬೆಲ್ಟ್ ಎಳೆದೆ, ಸ್ವಚ್ಛ. ಮನಸ್ಸು ಅಲ್ಲೇ ಕರಗಿತ್ತು. ಆಮೇಲೆ ಸರ್ವಿಸ್ ದಾಖಲೆ ಬಂತು. 2019ರಲ್ಲೇ 1,31,000. ಅಂದರೆ ಆಮೇಲೆ ಆರು ವರ್ಷದಲ್ಲಿ ಏಳು ಸಾವಿರ. "ಕೊರೊನಾದಲ್ಲಿ ನಿಂತುಬಿಟ್ಟಿತ್ತು ಸಾರ್" ಅಂದರು. ಬ್ರೇಕ್ ಪೆಡಲ್ ನೋಡಿದೆ, ಬೋಳಾಗಿತ್ತು. ಕಾಫಿ ಕುಡಿದು ಎದ್ದು ಬಂದೆ.

ಈಗ ಇನ್ನೊಂದು ಸಿಕ್ಕಿದೆ. 2016ರದು, ಒಬ್ಬರೇ ಓನರ್, 1,74,000 ಓಡಿದೆ, ಬಿಲ್‌ಗಳ ಫೈಲ್ ದಪ್ಪಗಿದೆ. ಸ್ವಿಫ್ಟ್ ಮಾರುವುದಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಗ್ಯಾರೇಜಿನವರೇ, ಶನಿವಾರ ತಂದು ತೋರಿಸಲಾ?

ವಿಲ್ಸನ್ ಗಾರ್ಡನ್ ಗ್ಯಾರೇಜಿನವರು:

ಬನ್ನಿ. ಹತ್ತು ಗಂಟೆಯೊಳಗೆ ಬನ್ನಿ, ಆಮೇಲೆ ಲಿಫ್ಟ್ ಖಾಲಿ ಇರುವುದಿಲ್ಲ. ಫೈಲ್ ಮರೆಯಬೇಡಿ.